ಉಸಿರು ತಾಗದಂತೆ

ಅಜಯ ಎಡಗೈ ಎತ್ತಿ ಬಾಯಿಗೆ ಅಡ್ಡ ಹಿಡಿದುಕೊಂಡ ಕೂಡಲೇ ಕೋಣೆಯಲ್ಲಿದ್ದವರೆಲ್ಲ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ನಾಗಾರ್ಜುನನೂ ತಟ್ಟಿದ. ತಟ್ಟುತ್ತಿರುವ ಕೈಗಳು ತನ್ನವು ಎಂಬುದು ಅವನಿಗೆ ತುಸು ತಡವಾಗಿ ತಿಳಿಯಿತು. ತಿಳಿದ ಮೇಲೂ ನಿಲ್ಲಿಸಲು ಕಾರಣ ಹೊಳೆಯದೆ ಇನ್ನೆರಡು ಸಲ ತಟ್ಟಿ, ಆಮೇಲೆ ಅವನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ. ಕ್ಯಾಲಿಫೋರ್ನಿಯಾದ ಎಮರಿವಿಲ್ಲಿನ ಆ ಅನಿಮೇಷನ್ ಸ್ಟುಡಿಯೋದಲ್ಲಿ ನಟರನ್ನು ಕರೆಸುವ ಮುಂಚೆ ಕೆಲಸದವರೇ ಮೈಗಂಟುವ ಕಪ್ಪು ಉಡುಪು ತೊಟ್ಟು, ಕೀಲುಕೀಲಿಗೂ ಬಿಳಿ ಗುಂಡಿಗಳನ್ನು ಅಂಟಿಸಿಕೊಂಡು, ಕ್ಯಾಮೆರಾಗಳ ನಡುವೆ ನಡೆದು ತೋರಿಸುವುದು ರೂಢಿ. ಆ ನಡೆಯನ್ನು ಯಂತ್ರ ಹಿಡಿದುಕೊಂಡು ಚಿತ್ರದ ಪ್ರಾಣಿಗಳಿಗೆ ತೊಡಿಸುತ್ತದೆ. ಇವತ್ತು ನಡೆಯಬೇಕಾಗಿದ್ದದ್ದು ಮಕ್‌ಗಳು. ಮಕ್ ಎಂದರೆ ಕೊಚ್ಚೆ. ಚಿತ್ರದ ಕಥೆಯಲ್ಲಿ ಅವು ಊರಿನ ಕೆಳಗಿನ ಮೋರಿಗಳಲ್ಲಿ ಬದುಕುವ, ಊರು ಎಸೆದದ್ದನ್ನು ತಿನ್ನುವ, ಕೊನೆಗೆ ಊರಿನ ಮೇಲೆ ಏರಿಬಂದು ಸೇತುವೆಯಿಂದ ಗುಂಪುಗುಂಪಾಗಿ ಬಿದ್ದು ಸಾಯುವ ಜಂತುಗಳು. ಅವಕ್ಕೆ ರೂಪ ಕೊಟ್ಟವನು ನಾಗಾರ್ಜುನ. ನಡೆ ಕೂಡ ಅವನ ಚಿತ್ರಗಳಿಂದಲೇ ಬಂದದ್ದು: ಮುಂದಕ್ಕೆ ಬಾಗಿದ ಬೆನ್ನು, ಇಳಿಬಿದ್ದ ಒಂದು ಭುಜ, ದಾರಿಯ ನಡುವಿನಿಂದ ಅಂಚಿಗೆ ಜಾರಿ ಓರೆಯಾಗಿ ಇಡುವ ಹೆಜ್ಜೆ. ಕೈ ಮಾತ್ರ ಅವನದಲ್ಲ. ಬಾಯಿಗೆ ಕೈ ಅಡ್ಡ ಹಿಡಿದ ಮಕ್ ಅನ್ನು ಅವನು ಯಾವ ಹಾಳೆಯಲ್ಲೂ ಬರೆದಿರಲಿಲ್ಲ.

"ಅದೇ! ಅದನ್ನ ಬಿಡಬೇಡಿ," ಎಂದಳು ಚಿತ್ರದ ನಿರ್ದೇಶಕಿ ಇಂಗ್ಲಿಷಿನಲ್ಲಿ, ಕುರ್ಚಿಯಿಂದ ಅರ್ಧ ಎದ್ದು. "ಆ ಕೈ ನೋಡಿ. ಏನೋ ಕದ್ದು ಬಾಯಲ್ಲಿ ಇಟ್ಟುಕೊಂಡಿರೋ ಹಾಗಿದೆ. ಎಷ್ಟು ಕಪಟ!"

ಅಜಯ ನಟನೂ ಅಲ್ಲ, ಚಿತ್ರಗಾರನೂ ಅಲ್ಲ. ಗುಂಪುಗಳನ್ನು ಮಾಡುವ ಸಾಫ್ಟ್‌ವೇರು ಅವನದು. ಒಬ್ಬನ ನಡೆ ಸಿಕ್ಕರೆ ಸಾಕು, ಅದನ್ನೇ ತುಸು ಹಿಗ್ಗಿಸಿ ಕುಗ್ಗಿಸಿ ಎಷ್ಟು ಸಾವಿರ ಬೇಕೋ ಅಷ್ಟು ಮಾಡಿಕೊಡುತ್ತಾನೆ. ಸುಮ್ಮನೆ ಪರೀಕ್ಷೆಗೆಂದು ಉಡುಪು ತೊಟ್ಟವನು ಅವನು. ಈಗ ಬೆವರು ಒರೆಸಿಕೊಳ್ಳುತ್ತ, ಹೊಗಳಿಕೆಗೆ ನಾಚಿಕೊಂಡು ನಗುತ್ತ, ನಾಗಾರ್ಜುನನ ಕಡೆ ನೋಡಿ ಹುಬ್ಬು ಹಾರಿಸಿದ. ನಾಗಾರ್ಜುನನೂ ಹುಬ್ಬು ಹಾರಿಸಿದ. ಕೈ ಬಂದು ಸೇರಿದ ಮೇಲೆ ನಡೆ ಪೂರ್ತಿಯಾಗಿತ್ತು. ಪೂರ್ತಿಯಾದ ಮೇಲೆ ಅದು ಯಾರದು ಎಂದು ಅವನಿಗೆ ಗೊತ್ತಾಗಿತ್ತು. ಮಂಡ್ಯದ ಕಡೆಯ ಊರಿನ ದೊಡ್ಡಬೀದಿಯಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಅಜ್ಜಿ ವೆಂಕಟಮ್ಮ, ಅವಳ ಸೆರಗು ಹಿಡಿದು ಹಿಂದೆ ಇವನು. ಎದುರಿಗೆ ಬಿಳಿಯ ಪಂಚೆಯೊಂದು ಕಾಣಿಸಿದ ಕೂಡಲೇ ಅವಳ ಭುಜ ಇಳಿಯುತ್ತಿತ್ತು, ಕಾಲು ಬೀದಿ ಬಿಟ್ಟು ಚರಂಡಿಯ ಅಂಚಿಗೆ ಜಾರುತ್ತಿತ್ತು, ಹೊರೆ ಹಿಡಿಯದ ಕೈ ಮೇಲೆ ಬಂದು ಬಾಯಿ ಮುಚ್ಚುತ್ತಿತ್ತು. ಇದನ್ನು ಅವನು ಮರೆತಿದ್ದನೇ? ಮರೆತಿದ್ದರೆ ಬರೆದವನು ಯಾರು? ತಿಂಗಳುಗಟ್ಟಲೆ ಕೂತು, ಅಳಿಸಿ, ತಿದ್ದಿ, ಕೈಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊರತೆಗೆದು, ಅದಕ್ಕೆ ಹಲ್ಲು ಹಚ್ಚಿ, ಬಾಲ ಹಚ್ಚಿ, ಕೊಚ್ಚೆ ಎಂದು ಹೆಸರಿಟ್ಟ ಕೈ ಯಾರದು?

ಅವನಿಗೆ ಆ ಕೆಲಸ ಚೆನ್ನಾಗಿ ಬರುತ್ತಿತ್ತು. ಮೊದಲ ಮೀಟಿಂಗಿನಲ್ಲೇ ನಿರ್ದೇಶಕಿ ಸ್ಪಷ್ಟವಾಗಿ ಹೇಳಿದ್ದಳು, ಇವು ಸೇತುವೆಯಿಂದ ಬೀಳುವಾಗ ನೋಡೋ ಮಕ್ಕಳಿಗೆ ಅಯ್ಯೋ ಅನ್ನಿಸಬಾರದು, ಅನ್ನಿಸಿದರೆ ನಮ್ಮ ಹೀರೋ ಕೊಲೆಗಾರ ಆಗ್ತಾನೆ ಎಂದು. ಹಾಗೆ ಅನ್ನಿಸದಂತೆ ಮಾಡುವುದಕ್ಕೆ ದಾರಿಗಳಿವೆ. ಕಣ್ಣಿನ ಬಿಳಿ ತೆಗೆಯಬೇಕು. ಬಿಳಿ ಇಲ್ಲದಿದ್ದರೆ ಯಾವ ಕಡೆ ನೋಡುತ್ತಿದೆಯೆಂದು ತಿಳಿಯುವುದಿಲ್ಲ, ನೋಟ ಇಲ್ಲದ ಮೇಲೆ ಮನಸ್ಸೂ ಇಲ್ಲ. ಮುಖಗಳು ಒಂದರಂತೆ ಇನ್ನೊಂದಿರಬೇಕು. ಮರಿಗಳಿರಬಾರದು, ಮುದುಕರಿರಬಾರದು. ಹೆಸರಂತೂ ಕೂಡದು. ಮಾತು ಬೇಡ, ಗುರುಗುಟ್ಟಿದರೆ ಸಾಕು. ಇದನ್ನೆಲ್ಲ ನಾಗಾರ್ಜುನ ಯಾವ ತರಗತಿಯಲ್ಲೂ ಕಲಿತಿರಲಿಲ್ಲ. ಚಿಕ್ಕಂದಿನಲ್ಲಿ ಓದಿದ ಕಥೆಗಳಲ್ಲಿ ಕಾಡಿನಲ್ಲಿರುವವರೆಲ್ಲ ಕಪ್ಪಗೆ, ಕೆದರಿದ ಕೂದಲು, ಹಸಿಮಾಂಸ, ಗವಿಯ ನಾತ. ಒಬ್ಬನೇ ಬಾಣ ಬಿಟ್ಟರೆ ಅವರು ಸಾವಿರ ಲೆಕ್ಕದಲ್ಲಿ ಉರುಳುತ್ತಿದ್ದರು, ಉರುಳಿದವರ ಹೆಂಡಿರು ಅಳುವ ಪುಟ ಬರುತ್ತಲೇ ಇರಲಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ರಾಕ್ಷಸನ ಪಾತ್ರಕ್ಕೆ ಮೇಷ್ಟರು ಹುಡುಗರ ಸಾಲಿನ ಮೇಲೆ ಕಣ್ಣಾಡಿಸಿ, ಯೋಚಿಸದೆ, ಇವನತ್ತ ಬೆರಳು ತೋರಿದ್ದರು. ಅವನಿಗೆ ಆಗ ಬೇಜಾರಾಗಲಿಲ್ಲ, ಖುಷಿಯೇ ಆಗಿತ್ತು. ಚೆನ್ನಾಗಿ ಗರ್ಜಿಸಿದ. ಬಹುಮಾನವಾಗಿ ತಗಡಿನ ಕಂಪಾಸು ಪೆಟ್ಟಿಗೆ ಬಂತು. ಕಾಂಪೌಂಡಿನ ಹೊರಗೆ ನಿಂತು ನೋಡುತ್ತಿದ್ದ ವೆಂಕಟಮ್ಮ, ಮೊಮ್ಮಗ ಎದೆಗೆ ಬಾಣ ತಾಗಿ ಸತ್ತು ಬಿದ್ದಾಗ, ಪಕ್ಕದವಳಿಗೆ ತೋರಿಸಿ ಚಪ್ಪಾಳೆ ತಟ್ಟಿದ್ದಳು.

ಸಂಜೆ ಎಂದಿನಂತೆ ಅಜಯನ ಕಾರಿನಲ್ಲಿ ಬೆಟ್ಟಗಳಾಚೆಯ ಡಬ್ಲಿನ್ ಎಂಬ ಊರಿಗೆ ಹೊರಟರು. ಇಬ್ಬರ ಮನೆಯೂ ಒಂದೇ ಕಡೆ, ಇಬ್ಬರದೂ ಕನ್ನಡ. ಎರಡು ವರ್ಷದಿಂದ ಒಟ್ಟಿಗೇ ಹೋಗಿ ಬರುತ್ತಿದ್ದರು. ಫ್ರೀವೇಗಳು ಒಂದರ ಮೇಲೊಂದು ಹೆಣೆದುಕೊಳ್ಳುವಲ್ಲಿ, ಕೆಳಗೆ ಕಂಬಗಳ ನಡುವೆ ಸಾಲಾಗಿದ್ದ ಮನೆಯಿಲ್ಲದವರ ಟೆಂಟುಗಳು ಇವತ್ತು ಇರಲಿಲ್ಲ. ತೊಳೆದ ಕಾಂಕ್ರೀಟು ಒದ್ದೆಯಾಗಿ ಹೊಳೆಯುತ್ತಿತ್ತು.

"ತಗದಬಿಟ್ಟಾರ ನೋಡಲೇ," ಎಂದ ಅಜಯ. "ಛಲೋ ಆತು. ಕ್ಲೀನ್ ಆತು."

"ಅಲ್ಲಿದ್ದೋರು?"

"ಯಾರು?"

ಅವನು ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ಲೇನು ಬದಲಾಯಿಸುವುದರಲ್ಲಿದ್ದ, ನಿಜವಾಗಿ ಅರ್ಥವಾಗಿರಲಿಲ್ಲ. ನಾಗಾರ್ಜುನ ಏನಿಲ್ಲ ಎಂದ. ಅದೇ ಕಂಬಗಳ ಹತ್ತಿರ ಸಿಗ್ನಲ್ಲಿಗೆ ನಿಂತಾಗಲೆಲ್ಲ ಅವನೂ ಕಿಟಕಿಯ ಗಾಜು ಏರಿಸಿದ್ದ. ಒಮ್ಮೆ ಕಂಬಳಿ ಹೊದ್ದ ಹೆಂಗಸೊಬ್ಬಳು ಇವನನ್ನೇ ನೋಡುತ್ತಿದ್ದಾಗ ಫೋನು ಎತ್ತಿಕೊಂಡು, ಕರೆ ಬಾರದಿದ್ದರೂ ಮಾತಾಡುವವನಂತೆ ತುಟಿ ಆಡಿಸಿದ್ದ. ಬೆಟ್ಟಗಳು ಒಣಗಿ ಸಿಂಹದ ಮೈಬಣ್ಣಕ್ಕೆ ತಿರುಗಿದ್ದವು. ಕ್ಯಾಸ್ಟ್ರೋ ವ್ಯಾಲಿ ದಾಟಿದ ಮೇಲೆ, ತೀರ ಸಹಜವಾಗಿ ಬರಲಿ ಎಂದು ಮನಸ್ಸಿನಲ್ಲಿ ಎರಡು ಮೂರು ಸಲ ಹೇಳಿ ನೋಡಿಕೊಂಡು, ಕೇಳಿದ:

"ಆ ಕೈ ಎಲ್ಲಿಂದ ಬಂತೋ ನಿಂಗೆ?"

"ಯಾ ಕೈ? ಅದಾ? ಗೊತ್ತಿಲ್ಲಪಾ. ನಿನ್ನ ಡ್ರಾಯಿಂಗ್ ನೋಡಿ ಹಂಗ ನಡಿಯಾಕ ಹೋದೆ, ಕೈ ತಾನ ಮ್ಯಾಲ ಬಂತು." ಅಜಯ ಸ್ಟಿಯರಿಂಗಿನ ಮೇಲೆ ಬೆರಳು ಬಡಿದ. "ಹಿಟ್ ಆತಲ್ಲ! ಅಂದಂಗ, ನಮ್ಮವ್ವ ಬಂದಾಳ. ನಾಳೆ ಮಧ್ಯಾಹ್ನ ಊಟಕ್ಕ ಬರ್ರಿ, ಮೂರೂ ಮಂದಿ."

ನಾಗಾರ್ಜುನ ಬರ್ತೀವಿ ಎಂದ. ತಾನಾಗಿ ಮೇಲೆ ಬರುವ ಕೈ. ತನ್ನ ಭುಜ ತಾನಾಗಿ ಇಳಿದಂತೆ. ಒಂದು ಬೀದಿಯ ಎರಡು ಕಡೆ ನಿಂತು ನೋಡಿದ ಇಬ್ಬರು ಹುಡುಗರು ಇಷ್ಟು ದೂರ ಬಂದು, ಒಬ್ಬನಿಗೆ ನೆನಪಿದ್ದ ಅರ್ಧವನ್ನೂ ಇನ್ನೊಬ್ಬನಿಗೆ ನೆನಪಿದ್ದ ಅರ್ಧವನ್ನೂ ಕೂಡಿಸಿ, ಒಂದು ಜಂತು ಮಾಡಿದ್ದರು. ಅಜಯನಿಗೆ ಇವನ ಬಗ್ಗೆ ಗೊತ್ತಿದ್ದದ್ದು ಮಂಡ್ಯದ ಕಡೆಯವನು, ಅಪ್ಪ ಚೆಲುವರಾಜು ಮೇಷ್ಟರಾಗಿದ್ದರು ಎಂಬಷ್ಟೇ. ಅದು ನಿಜವೇ ಆಗಿತ್ತು. ನಾಗಾರ್ಜುನ ಯಾವತ್ತೂ ಸುಳ್ಳು ಹೇಳಿರಲಿಲ್ಲ. ಊರಲ್ಲಿ ನಿಮ್ಮ ಮನೆ ಎಲ್ಲಿ ಬರತ್ತೆ ಎಂದು ಯಾರಾದರೂ ಕೇಳಿದರೆ, ಕಾಲುವೆ ಹತ್ತಿರ ಎನ್ನುತ್ತಿದ್ದ. ಕೇರಿ ಕಾಲುವೆಯ ಹತ್ತಿರವೇ ಇತ್ತು.

ಅಜಯನ ತಾಯಿ ಬಂಗಾರೆವ್ವ ಬಾಗಿಲಲ್ಲೇ ನಾಗಾರ್ಜುನನ ಪುಟ್ಟ ಮಗಳು ಲಾಸ್ಯಾಳ ಗಲ್ಲ ಹಿಡಿದು ಮುತ್ತಿಟ್ಟಳು. ಇಳಕಲ್ ಸೀರೆಯ ಮೇಲೆ ಮಗನ ಆಫೀಸಿನ ಜಾಕೆಟ್ಟು ತೊಟ್ಟಿದ್ದಳು. ಈ ಊರಿನ ಎಸಿ ಅವಳಿಗೆ ಹಿಡಿಸಿರಲಿಲ್ಲ. ಒಳ್ಳೆಯ ಹೆಂಗಸು. ನಾಗಾರ್ಜುನನಿಗೆ ಆಮೇಲೆ ಕಷ್ಟವಾದದ್ದು ಅದೇ, ಅವಳು ಒಳ್ಳೆಯವಳಾಗಿದ್ದದ್ದು. ಅವನ ತಟ್ಟೆಗೆ ಕೇಳದೆ ತುಪ್ಪ ಸುರಿದಳು, ಅವನ ಹೆಂಡತಿ ತೇಜಸ್ವಿನಿ ತೆಳ್ಳಗಾಗಿದ್ದಾಳೆಂದು ಅವನನ್ನು ಬೈದಳು, ಲಾಸ್ಯಾ ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆಲ್ಲ ಹೌದೇನ ನನ್ನವ್ವ ಎಂದು ಕನ್ನಡದಲ್ಲಿ ಉತ್ತರ ಕೊಟ್ಟಳು. ಊಟ ಮುಗಿಯುತ್ತಿದ್ದ ಹಾಗೆ ಅಜಯ ಫೋನು ತೆಗೆದ.

"ಯವ್ವಾ, ನಿನ್ನ ಮಗನ ಆ್ಯಕ್ಟಿಂಗ್ ನೋಡಿಲ್ಲಿ. ಆಫೀಸಿನ್ಯಾಗ ಎಲ್ಲಾರೂ ಚಪ್ಪಾಳಿ ಹೊಡದ್ರು."

ಬಂಗಾರೆವ್ವ ಕನ್ನಡಕ ಏರಿಸಿಕೊಂಡು ನೋಡಿದಳು. ಚಿಕ್ಕ ಪರದೆಯಲ್ಲಿ ಕಪ್ಪು ಉಡುಪಿನ ಅಜಯ ಬಾಗಿ, ಓರೆಯಾಗಿ, ಬಾಯಿಗೆ ಕೈ ಹಿಡಿದು ಗೋಡೆಯಿಂದ ಗೋಡೆಗೆ ಹೋದ. ಅವಳ ಮುಖ ಅರಳಿತು.

"ಅಯ್ಯ ನಮ್ಮವ್ವ! ಇದು ದುರಗ್ಯಾ! ಥೇಟ್ ದುರಗ್ಯಾ ನಡದಂಗ ನಡದಿಯಲ್ಲೋ!"

"ಯಾವ ದುರಗ್ಯಾ?" ಎಂದಳು ಅಜಯನ ಹೆಂಡತಿ ಶೀತಲ್, ಹೋಳಿಗೆಯ ತಟ್ಟೆ ಹಿಡಿದು ಬರುತ್ತ.

"ಹೊಲದಾಗ ದುಡೀತಿದ್ನವಾ, ನಮ್ಮ ಮಾವನ ಕಾಲದಿಂದ. ಅಂಗಳಕ್ಕ ಬಂದ್ರ ಹಿಂಗ, ಗ್ವಾಡಿ ಹಿಡದು, ಬಾಯಿಗೆ ಕೈ. ಉಸುರು ತಾಕಬಾರದಲ್ಲ, ಅದಕ್ಕ. ಭಾಳ ಮರ್ಯಾದಸ್ಥ. ಇವ ಸಣ್ಣಾಂವಿದ್ದಾಗ ಅವನ ಹಿಂದ ಹಿಂದ ಹಿಂಗ ನಡಕೋತ ಹೋಗಾಂವ. ನಾವೆಲ್ಲ ನಕ್ಕು ನಕ್ಕು ಸಾಕಾಗತಿತ್ತು." ಅವಳು ಕಣ್ಣಂಚು ಒರೆಸಿಕೊಂಡಳು. "ಅವನೂ ನಗತಿದ್ದ, ಪಾಪ."

ಅಜಯ ಫೋನಿಗೆ ಕೈ ಚಾಚಿದ. ಆದರೆ ಲಾಸ್ಯಾ ಅದನ್ನು ಆಗಲೇ ಎತ್ತಿಕೊಂಡಿದ್ದಳು. ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ಫೋನನ್ನು ಸೋಫಾದ ಮೇಲೆ ಎಸೆದು, "ವಾಚ್ ಮೀ!" ಎನ್ನುತ್ತ ಕಾರ್ಪೆಟ್ಟಿನ ಮೇಲೆ ನಡೆದೇಬಿಟ್ಟಳು. ಪುಟ್ಟ ಬೆನ್ನು ಬಾಗಿಸಿ, ಪುಟ್ಟ ಅಂಗೈಯನ್ನು ಬಾಯಿಗೆ ಒತ್ತಿಕೊಂಡು, ಟೀವಿಯ ಪಕ್ಕದಿಂದ ಊಟದ ಮೇಜಿನವರೆಗೆ ಗೋಡೆ ಹಿಡಿದು. ಅವಳಿಗೆ ಭುಜವೂ ಸರಿಯಾಗಿ ಬಂದಿತ್ತು. ಫೋನಿನಲ್ಲಿದ್ದ ಅಜಯನಿಗಿಂತ ಸರಿಯಾಗಿ ಬಂದಿತ್ತು. ಬಂಗಾರೆವ್ವ ತೊಡೆ ತಟ್ಟಿ ನಕ್ಕಳು. ಶೀತಲ್ ನಕ್ಕಳು. ನಾಗಾರ್ಜುನ ನಗುತ್ತಿದ್ದ. ಗಂಟಲಿನಿಂದ ಸದ್ದು ಬರುತ್ತಿತ್ತು, ಭುಜ ಕುಲುಕುತ್ತಿತ್ತು. ಆ ನಗುವಿನ ಒಳಗೆ ಕೂತು ಅವನು ನೋಡುತ್ತಿದ್ದ: ತೇಜಸ್ವಿನಿಯ ಕೈಯಲ್ಲಿದ್ದ ಚಮಚ ತಟ್ಟೆಯ ಅಂಚಿನಲ್ಲಿ ನಿಂತಿತ್ತು, ಅಜಯ ನಗುತ್ತಿರಲಿಲ್ಲ, ಇವನ ಮುಖವನ್ನೇ ನೋಡುತ್ತಿದ್ದ, ಬಹುಶಃ ಇವನು ನಕ್ಕದ್ದರಿಂದಲೇ.

"ಇನ್ನೊಂದು ಹೋಳಿಗಿ ಹಾಕವಾ ಅವಗ," ಎಂದಳು ಬಂಗಾರೆವ್ವ. ಅವನು ಹಾಕಿಸಿಕೊಂಡ. ತಿಂದ.

ಮನೆಗೆ ಹೋಗುವ ದಾರಿಯಲ್ಲಿ ಲಾಸ್ಯಾ ಹಿಂದಿನ ಸೀಟಿನಲ್ಲಿ ನಿದ್ದೆಹೋದಳು. ತೇಜಸ್ವಿನಿ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು:

"ನೀನ್ಯಾಕ್ ನಕ್ಕೆ?"

"ಮಗು ಮಾಡಿದ್ದಕ್ಕೆ."

"ಮಗು ಏನ್ ಮಾಡ್ತು ಅಂತ ನಿಂಗೊತ್ತಿರ್ಲಿಲ್ವಾ?"

ಅವನು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದ. ಅವಳ ತವರಿನಲ್ಲೂ ಅಂಥದೇ ಬೀದಿಯಿತ್ತು. ಮದುವೆಯಾದ ಹೊಸದರಲ್ಲಿ ಇಬ್ಬರೂ ತಮ್ಮ ಊರುಗಳ ಅವಮಾನಗಳನ್ನು ಒಬ್ಬರಿಗೊಬ್ಬರು ತಮಾಷೆಯಾಗಿ ಹೇಳಿಕೊಂಡು, ಯಾರ ಊರಿನದು ಹೆಚ್ಚು ಎಂದು ಪಂದ್ಯ ಕಟ್ಟುತ್ತಿದ್ದರು. ಯಾವಾಗ ನಿಂತಿತು ಅದು? ಮಗು ಹುಟ್ಟಿದ ಮೇಲಿರಬೇಕು. ಕನ್ನಡ ಅರ್ಥವಾಗುವ ಒಂದು ಜೀವ ಮನೆಯಲ್ಲಿ ಓಡಾಡತೊಡಗಿದ ಮೇಲೆ, ಅವಳ ಕಿವಿಗೆ ಬೀಳಬಾರದೆಂದು ಒಂದೊಂದಾಗಿ ಬಿಡುತ್ತ ಬಂದು, ಕೊನೆಗೆ ವೆಂಕಟಮ್ಮ ಎಂಬ ಹೆಸರೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ನಿರ್ದೇಶಕಿಯ ಕೋಣೆಗೆ ಹೋದ. ಕಾರಿನಲ್ಲಿ ಅಜಯ ಹವಾಮಾನದ ಬಗ್ಗೆ, ಟೋಲಿನ ಬಗ್ಗೆ, ಹೊಸ ಸರ್ವರಿನ ಬಗ್ಗೆ ಮಾತಾಡಿದ್ದ. ಮೌನ ಬಿದ್ದಲ್ಲೆಲ್ಲ ಅವಸರದಿಂದ ಏನಾದರೂ ತುಂಬಿದ್ದ. ನಿರ್ದೇಶಕಿ ಮೊಸರು ತಿನ್ನುತ್ತಿದ್ದಳು. ಕೂರು ಎಂದಳು.

"ಆ ಕೈ ಬೇಡ ಅನ್ನಿಸತ್ತೆ," ಎಂದ ನಾಗಾರ್ಜುನ. "ಬಾಯಿ ಮುಚ್ಚಿಹೋಗತ್ತೆ. ಮುಖದ ಕೆಳಭಾಗವೇ ಕಾಣಲ್ಲ."

"ಅವು ಮಾತಾಡೋದೇ ಇಲ್ವಲ್ಲ."

"ನಡೆಯೂ ಬದಲಾಯಿಸೋಣ. ಮಂಡಿ ಹತ್ತಿರ ಕಂಪ್ಯೂಟರ್ ಮಾಡೆಲ್ಲಿನ ಚರ್ಮ ಸೀಳುತ್ತೆ. ಅಷ್ಟು ಬಾಗಿದರೆ."

"ಅಜಯ ಹಾಗೆ ಹೇಳಲಿಲ್ಲ." ಅವಳು ಚಮಚ ಕೆಳಗಿಟ್ಟು ಅವನನ್ನು ನೋಡಿದಳು. ಜಾಣೆ. "ಏನು ವಿಷಯ, ನಾಗ್? ನಿನ್ನ ಕೆಲಸದಲ್ಲೇ ಇದು ಅತ್ಯುತ್ತಮ. ಒಂದೇ ನೋಟಕ್ಕೆ ಕೀಳು ಅನ್ನಿಸತ್ತೆ. ಅದನ್ನ ಹೇಗೆ ಕಂಡುಹಿಡಿದೆ ಅಂತ ನಂಗೆ ಆಶ್ಚರ್ಯ."

ಕಂಡುಹಿಡಿದದ್ದಲ್ಲ ಎನ್ನಬಹುದಿತ್ತು. ವಾಕ್ಯ ನಾಲಗೆಯವರೆಗೆ ಬಂತು. ಅದರ ಹಿಂದೆಯೇ ಇನ್ನೂ ಎಷ್ಟೋ ವಾಕ್ಯಗಳು ಬರಬೇಕಾಗುತ್ತಿತ್ತು: ಬೀದಿ ಎಂದರೇನು, ಕೇರಿ ಎಂದರೇನು, ಉಸಿರು ತಾಗುವುದು ಎಂದರೇನು. ಅವಳು ಮುಖ ಗಂಭೀರ ಮಾಡಿಕೊಂಡು ಕೇಳುತ್ತಾಳೆ, ಕಣ್ಣಲ್ಲಿ ನೀರೂ ತಂದುಕೊಳ್ಳಬಹುದು, ಮುಂದಿನ ವಾರ ಸಭಾಂಗಣದಲ್ಲಿ ಎಲ್ಲರಿಗೂ ಒಂದು ಭಾಷಣ ಏರ್ಪಡಿಸುತ್ತಾಳೆ; ಅವನು ವೇದಿಕೆಯ ಮೇಲೆ ಕೂತು ತನ್ನನ್ನು ವಿವರಿಸಬೇಕು, ಮುಂದಿನ ಸಾಲಿನಲ್ಲಿ ಅಜಯ. ಏನಿಲ್ಲ, ಸುಮ್ಮನೆ ಯೋಚನೆ ಬಂತು ಎಂದ.

"ಹಾಗಾದರೆ ಮಧ್ಯಾಹ್ನ ನೀನೇ ನಡೆದುಬಿಡು," ಎಂದಳು ಅವಳು, ಸಮಾಧಾನ ಮಾಡುವ ದನಿಯಲ್ಲಿ. "ಸೇತುವೆಯ ದೃಶ್ಯಕ್ಕೆ. ನಿನ್ನ ಪ್ರಾಣಿ, ನಿನ್ನ ಮೈಯಿಂದಲೇ ಬರಲಿ. ಅದನ್ನೇ ಗುಂಪಿಗೆ ಹಾಕೋಣ."

ಕಪ್ಪು ಉಡುಪು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಒಬ್ಬಳು ಸಹಾಯಕಿ ಬಂದು ಅವನ ಭುಜಕ್ಕೆ, ಮೊಣಕೈಗೆ, ಸೊಂಟಕ್ಕೆ, ಮಂಡಿಗೆ ಗುಂಡಿಗಳನ್ನು ಅಂಟಿಸಿದಳು. ಪ್ರತಿ ಸಲ ಮುಟ್ಟುವ ಮುಂಚೆ ಮುಟ್ಟಬಹುದಾ ಎಂದು ಕೇಳಿದಳು. ಇಲ್ಲಿಯ ರೂಢಿ ಅದು, ಎಲ್ಲರಿಗೂ ಕೇಳುತ್ತಾರೆ. ಗಾಜಿನ ಆಚೆ ಅಜಯ ಕಂಪ್ಯೂಟರಿನ ಮುಂದೆ ಕೂತಿದ್ದ. ನಿರ್ದೇಶಕಿ ಅವನ ಬೆನ್ನ ಹಿಂದೆ, ಎದೆಯ ಮೇಲೆ ಕೈಕಟ್ಟಿ. ಕ್ಯಾಮೆರಾಗಳ ಮೇಲಿನ ಕೆಂಪು ದೀಪ ಹತ್ತಿಕೊಂಡಿತು.

ಮೊದಲ ಸಲ ಅವನು ಕೇಳಿದ್ದನ್ನೇ ನಡೆದ. ನಟಿಸುವುದೇನೂ ಬೇಕಾಗಲಿಲ್ಲ, ತಡೆಯುವುದನ್ನು ನಿಲ್ಲಿಸಿದ, ಅಷ್ಟೇ. ಭುಜ ಇಳಿಯಿತು, ಕತ್ತು ಇಳಿಯಿತು, ಬೂದುಬಣ್ಣದ ನೆಲದ ನಡುವಿನಿಂದ ಕಾಲು ಅಂಚಿಗೆ ಜಾರಿತು, ಕೈ ಬಂದು ಬಾಯಿ ಮುಚ್ಚಿತು. ತನ್ನ ಉಸಿರು ತನ್ನ ಅಂಗೈಗೇ ಬೆಚ್ಚಗೆ ತಾಗಿ ಮರಳಿ ಮೂಗಿಗೆ ಬಂತು. ಅವಳಿಗೂ ಹೀಗೇ ಬರುತ್ತಿತ್ತೇನೋ, ಇಡೀ ಬೀದಿಯುದ್ದಕ್ಕೂ ತನ್ನ ಉಸಿರನ್ನೇ ತಾನು ಉಸಿರಾಡುತ್ತ. ಗೋಡೆ ಮುಟ್ಟಿ ನಿಂತ. ಯಾರೂ ನಗಲಿಲ್ಲ.

"ಅದ್ಭುತ," ಎಂದಿತು ಸ್ಪೀಕರಿನಲ್ಲಿ ನಿರ್ದೇಶಕಿಯ ದನಿ, ಮೆಲ್ಲಗೆ. "ಅಜಯನದು ಅಣಕ. ಇದು ನಿಜ. ಸಾಕು, ಬಟ್ಟೆ ಬದಲಾಯಿಸಿಕೋ."

"ಇನ್ನೊಂದು ನಡೀಬೇಕು," ಎಂದ ನಾಗಾರ್ಜುನ.

ದೊಡ್ಡಬೀದಿ ಮುಗಿದು ಕಾಲುವೆಯ ಏರಿ ಹತ್ತಿದ ಮೇಲೆ ವೆಂಕಟಮ್ಮ ಬೇರೆ ಆಗುತ್ತಿದ್ದಳು. ಅಲ್ಲಿ ಎದುರಿಗೆ ಬರುವವರು ಯಾರೂ ಇರಲಿಲ್ಲ. ಹೊರೆಯ ಕೆಳಗೆ ಕತ್ತು ನೆಟ್ಟಗಾಗುತ್ತಿತ್ತು, ಹಿಮ್ಮಡಿ ಧಪಧಪ ಎನ್ನುತ್ತಿತ್ತು, ಬಾಯಿಂದ ಇಳಿದ ಕೈ ಗಾಳಿಯನ್ನು ಬೈಯುವಂತೆ ಬೀಸತೊಡಗುತ್ತಿತ್ತು. ಬೈಯುತ್ತಲೂ ಇದ್ದಳು. ಅಷ್ಟು ಹೊತ್ತೂ ಯಾರ್ಯಾರಿಗೆ ದಾರಿ ಬಿಟ್ಟಿದ್ದಳೋ ಅವರನ್ನೆಲ್ಲ ಹೆಸರು ಹಿಡಿದು, ಅವರ ಹೊಟ್ಟೆ, ಅವರ ಮೀಸೆ, ಅವರು ಕಾಲು ಅಗಲಿಸಿ ನಡೆಯುವ ಠೀವಿ. ಹೊರೆ ಹೊತ್ತುಕೊಂಡೇ ಹೊಟ್ಟೆ ಮುಂದೆ ಮಾಡಿ ಒಬ್ಬೊಬ್ಬರ ಹಾಗೆ ನಡೆದು ತೋರಿಸುತ್ತಿದ್ದಳು. ನಾಗಾರ್ಜುನ ಏರಿಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದ. ಈಗ ಅವನು ತಲೆಯ ಮೇಲೆ ಇಲ್ಲದ ಹೊರೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಬೀಸಿ, ಕೋಣೆಯ ನಟ್ಟನಡುವೆ ಈ ತುದಿಯಿಂದ ಆ ತುದಿಗೆ ನಡೆದ. ತಿರುಗಿ ಬರುವಾಗ ಒಂದೆರಡು ಹೆಜ್ಜೆ ಹೊಟ್ಟೆ ಮುಂದೆ ಮಾಡಿ ನಡೆದ. ಅದು ಅವಳಷ್ಟು ಚೆನ್ನಾಗಿ ಬರಲಿಲ್ಲ.

ನಿರ್ದೇಶಕಿ ಗಾಜಿನ ಬಾಗಿಲು ತೆರೆದು ಒಳಗೆ ಬಂದಿದ್ದಳು. "ಯಾರಿದು?"

"ನಮ್ಮಜ್ಜಿ. ವೆಂಕಟಮ್ಮ."

"ಮೊದಲನೇದು?"

"ಅದೂ ಅವಳೇ. ಅದು ಬೇರೆಯವರ ಬೀದೀಲಿ. ನಮ್ಮನ್ನ ಮುಟ್ಟಿದರೆ ಮೈಲಿಗೆ ಅಂತಿದ್ದರು, ನಮ್ಮ ಉಸಿರೂ ತಾಗಬಾರದಿತ್ತು. ಬಾಯಿ ಮುಚ್ಚಿಕೊಂಡು ಅಂಚಿನಲ್ಲಿ ಹೋಗಬೇಕು. ಇದು, ಆ ಬೀದಿ ಮುಗಿದ ಮೇಲೆ."

ಅಂದುಕೊಂಡಿದ್ದಕ್ಕಿಂತ ತೀರ ಚಿಕ್ಕದಾಗಿ ಮುಗಿದುಹೋಯಿತು. ಗಾಜಿನಾಚೆ ಅಜಯನ ತಲೆ ಕಂಪ್ಯೂಟರಿನ ಹಿಂದೆ ಅರ್ಧ ಮಾತ್ರ ಕಾಣುತ್ತಿತ್ತು. ಮೈಕು ತೆರೆದೇ ಇತ್ತು, ಅವನಿಗೆ ಕೇಳಿಸಿರಬೇಕು. ನಿರ್ದೇಶಕಿ ಅವನು ನಡೆದ ನೆಲವನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು, ಅಷ್ಟನ್ನು ಒಪ್ಪಬೇಕು. ಆಮೇಲೆ ತಲೆಯೆತ್ತಿ, ತನಗೇ ಬೇಸರವಾಗುವ ಸಂಗತಿಯನ್ನು ಹೇಳುವವಳಂತೆ ಹೇಳಿದಳು:

"ತುಂಬ ಚೆಂದ ಇದ್ದಾಳೆ. ಆದರೆ ಇವಳನ್ನ ನಾನು ಸೇತುವೆಯಿಂದ ಬೀಳಿಸೋಕಾಗಲ್ಲ, ನಾಗ್." ತುಸು ತಡೆದು, "ಮೊದಲನೇದನ್ನೇ ಇಟ್ಟುಕೊಳ್ಳೋಣ," ಎಂದಳು.

"ಮೊದಲನೇದು ರೆಕಾರ್ಡ್ ಆಗಿಲ್ಲ," ಎಂದಿತು ಸ್ಪೀಕರಿನಲ್ಲಿ ಅಜಯನ ದನಿ, ಇಂಗ್ಲಿಷಿನಲ್ಲಿ.

ನಾಗಾರ್ಜುನ ಮೊದಲನೆಯದನ್ನು ನಡೆಯುವಾಗ ಕೆಂಪು ದೀಪವನ್ನು ನೋಡಿದ್ದ. ಅದು ಉದ್ದಕ್ಕೂ ಹತ್ತಿಕೊಂಡೇ ಇತ್ತು.

"ಹೌದಾ?" ಎಂದಳು ನಿರ್ದೇಶಕಿ ಗಾಜಿನ ಕಡೆ ತಿರುಗಿ. "ಸರಿ, ಮತ್ತೆ ನಡಿ ಅಂತ ಇವನನ್ನ ಕೇಳೋದು ತಪ್ಪಾಗತ್ತೆ. ಶುಕ್ರವಾರದ್ದು ಇದೆಯಲ್ಲ, ನಿಂದು. ಅದನ್ನೇ ಗುಂಪಿಗೆ ಹಾಕು."

ಅಜಯ ಕೀಬೋರ್ಡಿನತ್ತ ಬಾಗಿದ. ನಾಗಾರ್ಜುನ ಬಟ್ಟೆ ಬದಲಾಯಿಸಿ ಬರುವಷ್ಟರಲ್ಲಿ ನಿರ್ದೇಶಕಿ ಮುಂದಿನ ಮೀಟಿಂಗಿಗೆ ಹೋಗಿದ್ದಳು. ಅಜಯನೊಬ್ಬನೇ ಪರದೆಯ ಮುಂದಿದ್ದ. ಪರದೆಯ ತುಂಬ ಇನ್ನೂ ಮುಖ ಬರೆಯದ ಬೂದು ಮೈಗಳು ಸೇತುವೆಯ ಉದ್ದಕ್ಕೂ ಬಾಯಿಗೆ ಕೈ ಹಿಡಿದು ನಡೆಯುತ್ತಿದ್ದವು. ಎಲ್ಲವುಗಳ ಬಲಗಾಲು ತುಸು ಹೊರಕ್ಕೆ ತಿರುಗಿತ್ತು, ಅಜಯನ ಕಾಲು ತಿರುಗುವ ಹಾಗೆ. ಎಲ್ಲವೂ ಅಜಯನೇ. ಸೇತುವೆಯ ಕೊನೆ ಬಂದಾಗ ಮುಂದಿನವು ಬಿದ್ದವು, ಹಿಂದಿನವು ಅದೇ ಹೆಜ್ಜೆಯಲ್ಲಿ ಬಂದು ಬಿದ್ದವು. ಅಜಯ ನಿಲ್ಲಿಸಿದ, ಮೊದಲಿಂದ ಓಡಿಸಿದ, ಮತ್ತೆ ನಿಲ್ಲಿಸಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ನಾನು ಆಗ ಆರೇಳು ವರ್ಷದಾಂವ ಇದ್ದೆ," ಎಂದ, ತಿರುಗದೆ.

"ಹೂಂ."

"ನೀ ಮೊದಲ ಹೇಳಬಹುದಿತ್ತು. ಎರಡು ವರ್ಷ ದಿನಾ ಕೂಡೇ ಓಡಾಡಿದ್ವಿ."

ಹೇಳಿದ್ದರೆ ಏನಾಗುತ್ತಿತ್ತು ಎಂದು ನಾಗಾರ್ಜುನ ಕೇಳಲಿಲ್ಲ. ಇಬ್ಬರಿಗೂ ಗೊತ್ತಿರಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡ.

"ಇನ್ನ ಅರ್ಧಾ ತಾಸು, ಕೂಡೇ ಹೋಗೂಣು," ಎಂದ ಅಜಯ. "ಕಾರಿನ್ಯಾಗ ಬರ್ತೀಯಲ್ಲ?"

"ಇವತ್ತು ಟ್ರೈನಲ್ಲಿ ಹೋಗ್ತೀನಿ."

ಶಟಲ್ ಬಸ್ಸಿನಲ್ಲಿ ಸ್ಟೇಷನ್ನಿಗೆ ಬಂದು, ಫ್ರೀವೇಯ ನಡುವೆ ಎತ್ತರದಲ್ಲಿರುವ ಪ್ಲಾಟ್‌ಫಾರ್ಮಿನಲ್ಲಿ ನಿಂತ. ಎರಡೂ ಕಡೆ ಕಾರುಗಳು ಹರಿಯುತ್ತಿದ್ದವು. ಮನಸ್ಸು ಹಗುರವೂ ಆಗಿರಲಿಲ್ಲ, ಭಾರವೂ ಆಗಿರಲಿಲ್ಲ. ಹಲ್ಲು ಕಿತ್ತ ಜಾಗಕ್ಕೆ ನಾಲಗೆ ಹೋಗಿ ಹೋಗಿ ಬರುವಂತೆ ಅದು ಆ ಚಿಕ್ಕ ವಾಕ್ಯಗಳಿಗೆ ಹೋಗಿ ಬರುತ್ತಿತ್ತು. ತೇಜಸ್ವಿನಿಗೆ ಫೋನು ಮಾಡಿ ಟ್ರೈನಲ್ಲಿ ಬರ್ತಿದೀನಿ, ತಡವಾಗತ್ತೆ ಎಂದ.

"ಯಾಕೆ, ಅಜಯಂಗೆ ಕೆಲಸ ಇತ್ತಾ?"

"ಅಜ್ಜಿ ವಿಷಯ ಹೇಳ್ಬಿಟ್ಟೆ."

ಆ ಕಡೆ ನಲ್ಲಿಯ ಸದ್ದು ನಿಂತಿತು. "ಯಾರ್ಗೆ?"

"ಎಲ್ಲಾರ್ಗೂ."

"ಅಜಯಂಗೂ?"

"ಅವನು ಅಲ್ಲೇ ಇದ್ದ."

"ಏನಂದ?"

ನಾಗಾರ್ಜುನ ಯೋಚಿಸಿದ. "ಕಾರಲ್ಲಿ ಬರ್ತೀಯಾ ಅಂದ."

ಹಿಂದೆ ಲಾಸ್ಯಾ ಯಾವುದೋ ಹಾಡು ಹೇಳಿಕೊಳ್ಳುತ್ತಿದ್ದದ್ದು ಕೇಳಿಸಿತು.

"ಬೆಳಿಗ್ಗೆ ಶೀತಲ್‌ಗೆ ಮೆಸೇಜ್ ಹಾಕಿದ್ದೆ," ಎಂದಳು. "ಈ ಶನಿವಾರ ನಮ್ಮನೆಗೆ ಊಟಕ್ಕೆ ಬನ್ನಿ ಅಂತ. ಅವರ ಅತ್ತೇನೂ ಕರ್ಕೊಂಡು. ಬರ್ತೀವಿ ಅಂತ ಹಾಕಿದ್ಲು, ಆಗ."

"ಸರಿ."

"ಈಗ ಬರ್ತಾರಾ?"

"ಗೊತ್ತಿಲ್ಲ."

"ಅಡಿಗೆ ಏನ್ ಮಾಡ್ಲಿ? ಯಾವಾಗ್ಲೂ ಮಾಡೋ ಪಲಾವು, ಪನ್ನೀರು..."

ಟ್ರೈನು ಬರುವ ಗಾಳಿ ಪ್ಲಾಟ್‌ಫಾರ್ಮಿನ ಮೇಲೆ ಬೀಸಿತು. ಜನ ಹಳದಿ ಗೆರೆಯ ಹಿಂದೆ ಒತ್ತೊತ್ತಾಗಿ ನಿಂತರು. ಯಾರದೋ ಕೋಟಿನ ತೋಳು ಅವನ ತೋಳಿಗೆ ತಾಗಿಕೊಂಡಿತು, ತಾಗಿಕೊಂಡೇ ಇತ್ತು.

"ಮುದ್ದೆ, ಬಸ್ಸಾರು ಮಾಡು," ಎಂದ ನಾಗಾರ್ಜುನ. "ನಾವು ಮಾಡೋ ಹಾಗೇ ಮಾಡು. ನಮ್ಮ ಮೂರು ಜನಕ್ಕಲ್ಲ, ಎಲ್ಲಾರ್ಗೂ ಆಗೋ ಅಷ್ಟು ಮಾಡು."